ಕಬ್ಬಿನ ಹೊಲದಿಂದ ಬಿಸ್ಕೀಟಿನ ಪುಡಿಕೆಯವರೆಗೆ ಇಂಗಾಲದ ಲೆಕ್ಕ

ಅಂಗಡಿಯಲ್ಲಿ ಕೊಂಡ ಒಂದು ಬಿಸ್ಕೀಟಿನ ಪುಡಿಕೆಯ ಹಿಂದೆ ಎಷ್ಟು ಹೊಗೆ ಎದ್ದಿದೆ ಎಂದು ಕೇಳಿದರೆ ನಮ್ಮ ಒಕ್ಕಲಿಗರು ನಕ್ಕಾರು. ಅದು ಕಾರ್ಖಾನೆಯ ಚಿಮಣಿಯ ಮಾತು, ನಮಗೇಕೆ ಎಂದಾರು. ಆದರೆ ಬಿಸ್ಕೀಟಿನಲ್ಲಿ ಸಕ್ಕರೆ ಇದೆ. ಆ ಸಕ್ಕರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕಬ್ಬಿನಿಂದ ಬಂದದ್ದಿರಬಹುದು. ಈಗ ದೊಡ್ಡ ಕಂಪನಿಗಳು ತಮ್ಮ ಚಿಮಣಿಯ ಹೊಗೆಯನ್ನಷ್ಟೇ ಬರೆದು ಸುಮ್ಮನಾಗುವದಿಲ್ಲ. ತಾವು ಕೊಂಡ ಮಾಲಿನ ಹಿಂದೆ ಎದ್ದ ಹೊಗೆಯನ್ನೂ ಲೆಕ್ಕ ಹಿಡಿಯತೊಡಗಿವೆ. ಕೊಂಡಿಯಿಂದ ಕೊಂಡಿಗೆ ಹಿಂದೆ ಸರಿಯುತ್ತ ಬಂದರೆ ಆ ಸರಪಳಿಯ ತುದಿಯಲ್ಲಿ ನಿಂತದ್ದು ನಮ್ಮ ಹೊಲ. ಅಲ್ಲಿ ಅಂಕಿ ಸಿಕ್ಕದಿದ್ದರೆ ಅವರು ಆ ಅಂಕಣವನ್ನು ಖಾಲಿ ಬಿಡುವದಿಲ್ಲ; ಎಲ್ಲಿಯದೋ ಒಂದು ಸರಾಸರಿಯನ್ನು ತಂದು ತುಂಬುತ್ತಾರೆ. ಹಾಗೆ ತುಂಬುವದರಿಂದ ಯಾರಿಗೆ ಹಾನಿ ಎಂಬದನ್ನು ಈ ಪಾಠದಲ್ಲಿ ಲೆಕ್ಕ ಮಾಡಿಯೇ ನೋಡೋಣ.

ತಿಳಿದದ್ದರಿಂದ ತಿಳಿಯದ್ದಕ್ಕೆ ಹೋಗಬೇಕೆಂಬದು ಶಿಕ್ಷಕರ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಸೂತ್ರ. ಆದ್ದರಿಂದ ಡೀಜೆಲ್ಲಿನಿಂದ ಪ್ರಾರಂಭಿಸುವೆವು. ಒಂದು ಲೀಟರ ಡೀಜೆಲ್ ತೂಗಿದರೆ ಸುಮಾರು 830 ಗ್ರಾಂ ಆದೀತು. ಅದು ಟ್ರ್ಯಾಕ್ಟರದಲ್ಲಿ ಉರಿದಾಗ ಹೊರಬೀಳುವ ಇಂಗಾಲಾಮ್ಲ ವಾಯುವಿನ ತೂಕವಾದರೋ ಸುಮಾರು 2.68 ಕಿಲೋ. ಮುಕ್ಕಾಲು ಕಿಲೋ ಹಿಟ್ಟಿಗೆ ಎರಡೂವರೆ ಕಿಲೋ ರೊಟ್ಟಿ ಆದೀತೇ ಎಂದು ನಮ್ಮ ಶಾಲೆಯ ಹುಡುಗನೊಬ್ಬ ಕೇಳಿದ್ದನು. ಪ್ರಶ್ನೆ ಯೋಗ್ಯವಾದದ್ದೇ. ಉತ್ತರವೇನೆಂದರೆ, ಡೀಜೆಲ್ಲಿನ ಬಹುಭಾಗ ಇಂಗಾಲ. ಉರಿಯುವಾಗ ಅದು ಗಾಳಿಯಲ್ಲಿನ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. 12 ತೂಕದ ಇಂಗಾಲಕ್ಕೆ 32 ತೂಕದ ಆಮ್ಲಜನಕ ಕೂಡಿ 44 ತೂಕದ ವಾಯು ಆಗುತ್ತದೆ. ಹೆಚ್ಚಾದ ತೂಕವೆಲ್ಲ ಗಾಳಿಯಿಂದ ಬಂದದ್ದು.

ಇದರಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಹೊಗೆಯನ್ನು ಅಳೆಯುವದೆಂದರೆ ಟ್ರ್ಯಾಕ್ಟರದ ಹೊಗೆಕೊಳವೆಗೆ ಯಂತ್ರ ಕಟ್ಟುವದೆಂದು ಅನೇಕರು ತಿಳಿದಿದ್ದಾರೆ. ದೊಡ್ಡ ವಿದ್ಯುತ್ ಕೇಂದ್ರಗಳ ಚಿಮಣಿಯಲ್ಲಿ ಅಂಥ ಯಂತ್ರಗಳಿರಬಹುದು. ಉಳಿದ ಕಡೆಯಲ್ಲೆಲ್ಲ ಎಷ್ಟು ಉರಿಸಿದಿರಿ, ಎಷ್ಟು ಹಾಕಿದಿರಿ, ಎಷ್ಟು ತಾಸು ನಡೆಸಿದಿರಿ ಎಂದು ಕೇಳಿ ಬರೆದು ಗೊತ್ತಾದ ಅಂಕಿಯಿಂದ ಗುಣಿಸುತ್ತಾರೆ, ಅಷ್ಟೇ. ಗುಣಿಸುವ ಅಂಕಿ ಪುಸ್ತಕದಲ್ಲಿ ಸಿಗುತ್ತದೆ. ಎಷ್ಟು ಎಂಬ ಮೊದಲಿನ ಅಂಕಿ ಮಾತ್ರ ಮಾಡಿದವನ ಹತ್ತಿರವೇ ಇರುತ್ತದೆ.

ಮೂರು ಅಂಕಣಗಳು

ಕಂಪನಿಗಳು ಲೆಕ್ಕವನ್ನು ಮೂರು ಅಂಕಣಗಳಲ್ಲಿ ಬರೆಯುತ್ತವೆ. ಇಂಗ್ಲಿಷಿನಲ್ಲಿ ಇವಕ್ಕೆ ಸ್ಕೋಪ್ ಒಂದು, ಎರಡು, ಮೂರು ಎನ್ನುವರು. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್ಸ್ಟಿಟ್ಯೂಟ್ ಎಂಬ ಸಂಸ್ಥೆಯೂ ಉದ್ದಿಮೆದಾರರ ಒಂದು ಜಾಗತಿಕ ಮಂಡಳಿಯೂ ಕೂಡಿ 2001ರಲ್ಲಿ ಈ ಪದ್ಧತಿಯನ್ನು ಪ್ರಕಟಿಸಿದವು. ಮನೆಯ ಒಲೆಯ ಹೊಗೆ ಮೊದಲನೆಯ ಅಂಕಣ. ಕೊಂಡ ಕರೆಂಟಿನ ಸಲುವಾಗಿ ದೂರದ ವಿದ್ಯುತ್ ಕೇಂದ್ರದಲ್ಲಿ ಎದ್ದ ಹೊಗೆ ಎರಡನೆಯದು. ಕೊಂಡ ಮಾಲು, ಅದನ್ನು ತಂದ ಬಂಡಿ, ಮಾರಿದ ಮಾಲನ್ನು ಬಳಸುವಾಗ ಆಗುವದು, ಕೊನೆಗೆ ಅದರ ಕಸ, ಇವೆಲ್ಲ ಮೂರನೆಯದು. 2011ರಲ್ಲಿ ಈ ಮೂರನೆಯ ಅಂಕಣಕ್ಕಾಗಿಯೇ ಪ್ರತ್ಯೇಕ ನಿಯಮಪುಸ್ತಕ ಹೊರಬಂದಿತು. ಅದರಲ್ಲಿ 15 ಬಾಬುಗಳಿವೆ.

ಬಿಸ್ಕೀಟಿನ ಕಂಪನಿಗೆ ಸಕ್ಕರೆ, ಗೋದಿ, ಎಣ್ಣೆ, ಸುತ್ತುವ ಕಾಗದ ಎಲ್ಲವೂ ಮೂರನೆಯ ಅಂಕಣವೇ. ಸಕ್ಕರೆ ಕಾರ್ಖಾನೆಗೆ ನಮ್ಮ ಕಬ್ಬು ಮೂರನೆಯ ಅಂಕಣ. ನಮಗೆ ಯೂರಿಯಾ ಮಾಡಿದ ಕಾರ್ಖಾನೆಯ ಹೊಗೆ ಮೂರನೆಯ ಅಂಕಣ. ಒಬ್ಬನ ಮೂರನೆಯದು ಇನ್ನೊಬ್ಬನ ಮೊದಲನೆಯದು ಎಂದು ತಿಳಿದರೆ ಅರ್ಧ ಪಾಠ ಮುಗಿದಂತೆ.

ಒಂದು ಎಕರೆಯ ಲೆಕ್ಕ

ಈಗ ಹೊಲಕ್ಕೆ ಬರೋಣ. ಲೆಕ್ಕಕ್ಕಾಗಿ ಒಬ್ಬ ರೈತನನ್ನು ಕಲ್ಪಿಸಿಕೊಂಡು ಕಲ್ಲಪ್ಪನೆಂದು ಕರೆಯುವಾ. ಒಂದು ಎಕರೆ ಕಬ್ಬು, 40 ಟನ್ ಇಳುವರಿ. 45 ಕಿಲೋದ 5 ಚೀಲ ಯೂರಿಯಾ, 25 ಲೀಟರ ಡೀಜೆಲ್, 5 ಅಶ್ವಶಕ್ತಿಯ ಮೋಟಾರು 300 ತಾಸು. ಕಟಾವಾದ ಮೇಲೆ 3 ಟನ್ ಒಣ ರವದಿಗೆ ಬೆಂಕಿ.

ಯೂರಿಯಾದ ಲೆಕ್ಕ ಎರಡು ತೆರನಾದದ್ದು. ಅನೇಕರು ಎಡವುವದು ಇಲ್ಲಿಯೇ. ಯೂರಿಯಾ ಮಾಡುವಾಗ ಅಮೋನಿಯಾಕ್ಕೆ ಇಂಗಾಲಾಮ್ಲ ವಾಯುವನ್ನು ಕೂಡಿಸುತ್ತಾರೆ. 60 ಕಿಲೋ ಯೂರಿಯಾದಲ್ಲಿ ಹೀಗೆ ಕಟ್ಟಿಟ್ಟ ವಾಯು 44 ಕಿಲೋ. ಹೊಲದಲ್ಲಿ ನೀರು ತಾಗಿ ಯೂರಿಯಾ ಒಡೆದಾಗ ಆ ವಾಯು ಹೊರಬೀಳುತ್ತದೆ. 225 ಕಿಲೋ ಯೂರಿಯಾಕ್ಕೆ 165 ಕಿಲೋ. ಗೊಬ್ಬರದ ಕಾರ್ಖಾನೆ ಇದನ್ನು ತನ್ನ ಲೆಕ್ಕದಿಂದ ಕಳೆದಿದ್ದರೆ ಹೊಲದವನು ಬರೆಯಬೇಕು. ಇಬ್ಬರೂ ಬಿಟ್ಟರೆ ಆ 165 ಕಿಲೋ ಕಾಗದದ ಮೇಲಿನಿಂದ ಮಾಯವಾಗುತ್ತದೆ.

ಎರಡನೆಯದು ಸಾರಜನಕದ ಮಾತು. ಯೂರಿಯಾದಲ್ಲಿ ಶೇಕಡಾ 46 ಸಾರಜನಕ, ಅಂದರೆ 5 ಚೀಲದಲ್ಲಿ 103.5 ಕಿಲೋ. ಮಣ್ಣಿನ ಸೂಕ್ಷ್ಮಜೀವಿಗಳು ಅದರಲ್ಲಿ ನೂರಕ್ಕೆ ಸುಮಾರು 1 ಪಾಲನ್ನು ನೈಟ್ರಸ್ ಆಕ್ಸೈಡ್ ಎಂಬ ವಾಯುವನ್ನಾಗಿ ಮಾಡುತ್ತವೆ. ಲೆಕ್ಕಕ್ಕೆ 1.63 ಕಿಲೋದಷ್ಟು ಬರುತ್ತದೆ. ಇಷ್ಟೇ ಏನು ಎನ್ನಬಾರದು. ನೂರು ವರುಷಗಳ ಅವಧಿಯಲ್ಲಿ ಭೂಮಿಯನ್ನು ಕಾಯಿಸುವ ಶಕ್ತಿಯಲ್ಲಿ ಇದರ ಒಂದು ಕಿಲೋ ಇಂಗಾಲಾಮ್ಲ ವಾಯುವಿನ 273 ಕಿಲೋಕ್ಕೆ ಸಮ ಎಂದು ಹವಾಮಾನದ ಅಂತರರಾಷ್ಟ್ರೀಯ ವಿಜ್ಞಾನಿಗಳ ಮಂಡಳಿ 2021ರಲ್ಲಿ ಹೇಳಿದೆ. ಹಾಗೆ ತೂಗಿದರೆ 444 ಕಿಲೋ ಆಯಿತು. ನೂರಕ್ಕೆ ಒಂದು ಎಂಬದು ಅಂದಾಜು ಮಾತ್ರ. ಅದೇ ಮಂಡಳಿಯ 2006ರ ಕೈಪಿಡಿಯು ಇದು 0.3ರಿಂದ 3ರವರೆಗೂ ಇರಬಹುದೆಂದು ಒಪ್ಪಿಕೊಂಡಿದೆ. ಮಣ್ಣು, ತೇವ, ಬಿಸಿಲು ನೋಡಿ ಬದಲಾಗುವ ಸಂಗತಿ ಇದು. ಇಂಗಾಲದ ಲೆಕ್ಕವನ್ನು ದಶಾಂಶದ ಎರಡು ಸ್ಥಳದವರೆಗೆ ಬರೆದು ತಂದು ತೋರಿಸುವವರನ್ನು ನಾವು ಸ್ವಲ್ಪ ಸಂಶಯದಿಂದಲೇ ನೋಡುತ್ತೇವೆ.

ಮೋಟಾರಿನದು ಸುಲಭ. 5 ಅಶ್ವಶಕ್ತಿಯ ಮೋಟಾರು ತಾಸಿಗೆ ಸುಮಾರು ನಾಲ್ಕೂವರೆ ಯೂನಿಟ್ ಎಳೆಯುತ್ತದೆಂದು ಹಿಡಿದರೆ 300 ತಾಸಿಗೆ 1350 ಯೂನಿಟ್. ನಮ್ಮ ದೇಶದಲ್ಲಿ ಕರೆಂಟಿನ ಬಹುಭಾಗ ಕಲ್ಲಿದ್ದಲಿನಿಂದ ಬರುವದರಿಂದ ಯೂನಿಟ್ಟಿಗೆ ಸರಾಸರಿ ಸುಮಾರು 0.73 ಕಿಲೋ ಹಿಡಿಯುತ್ತಾರೆ. ಒಟ್ಟು 985 ಕಿಲೋ.

ಇನ್ನು ರವದಿ, ಮರಾಠಿಯಲ್ಲಿ ಪಾಚಟ ಎನ್ನುವರು. ರವದಿ ಸುಟ್ಟಾಗ ಏಳುವ ಇಂಗಾಲಾಮ್ಲ ವಾಯುವನ್ನು ಮಾತ್ರ ಈ ಲೆಕ್ಕದಲ್ಲಿ ಕೂಡಿಸುವದಿಲ್ಲ. ಅದು ಅದೇ ವರುಷ ಕಬ್ಬು ಗಾಳಿಯಿಂದ ಹೀರಿದ್ದು, ಬರುವ ವರುಷದ ಕಬ್ಬು ಮತ್ತೆ ಹೀರುವದು. ಆದರೆ ಬೆಂಕಿಯಲ್ಲಿ ಮೀಥೇನ್, ನೈಟ್ರಸ್ ಆಕ್ಸೈಡ್ ಕೂಡ ಹುಟ್ಟುತ್ತವೆ. 1 ಟನ್ ಒಣ ರವದಿ ಪೂರ್ತಿ ಉರಿದರೆ 2.7 ಕಿಲೋ ಮೀಥೇನ್, 70 ಗ್ರಾಂ ನೈಟ್ರಸ್ ಆಕ್ಸೈಡ್ ಎಂದು ಕೈಪಿಡಿಯ ಅಂಕಿ. ಇಂಥ ಮೀಥೇನಿನ ಒಂದು ಕಿಲೋವನ್ನು 27 ಕಿಲೋಕ್ಕೆ ಸಮ ಹಿಡಿಯುತ್ತಾರೆ. 3 ಟನ್ನಿಗೆ ಎರಡೂ ಸೇರಿ 276 ಕಿಲೋ.

ಕಲ್ಲಪ್ಪನ ಜಮೆ ಹೀಗಾಯಿತು:

ಯೂರಿಯಾದೊಳಗಿನ ವಾಯು: 165 ಕಿಲೋ
ಸಾರಜನಕದಿಂದ: 444 ಕಿಲೋ
ಡೀಜೆಲ್: 67 ಕಿಲೋ
ಮೋಟಾರು: 985 ಕಿಲೋ
ರವದಿಯ ಬೆಂಕಿ: 276 ಕಿಲೋ
ಒಟ್ಟು: 1937 ಕಿಲೋ

40 ಟನ್ನಿಗೆ ಹಂಚಿದರೆ ಟನ್ ಕಬ್ಬಿಗೆ 48 ಕಿಲೋಕ್ಕಿಂತ ತುಸು ಹೆಚ್ಚು. ಯೂರಿಯಾ ಕಾರ್ಖಾನೆಯಲ್ಲಿ ಉರಿದ ಅನಿಲದ್ದು ಇದರಲ್ಲಿ ಸೇರಿಲ್ಲ. ಅದು ಕಲ್ಲಪ್ಪನ ಮೂರನೆಯ ಅಂಕಣ, ಗೊಬ್ಬರದ ಕಾರ್ಖಾನೆಯನ್ನೇ ಕೇಳಿ ಪಡೆಯತಕ್ಕದ್ದು.

ಪಕ್ಕದ ಹೊಲದ ಮಲ್ಲಪ್ಪನೂ 40 ಟನ್ ಬೆಳೆದನೆನ್ನೋಣ. ಅವನು ಶೆಗಣಿಗೊಬ್ಬರ ಹಾಕಿ ಯೂರಿಯಾವನ್ನು 4 ಚೀಲಕ್ಕೆ ಇಳಿಸಿದ್ದಾನೆ, ಹನಿ ನೀರಾವರಿಯಿಂದ ಮೋಟಾರು 180 ತಾಸಿಗೆ ಇಳಿದಿದೆ. ರವದಿಯನ್ನು ಸುಡದೆ ಕುಳೆ ಕಬ್ಬಿನ ಸಾಲಿನಲ್ಲಿ ಹರವಿದ್ದಾನೆ. ಡೀಜೆಲ್ ಅಷ್ಟೇ. ಅವನ ಒಟ್ಟು 1145 ಕಿಲೋ, ಟನ್ನಿಗೆ 29 ಕಿಲೋಕ್ಕಿಂತ ಕಡಿಮೆ. ಶೆಗಣಿಗೊಬ್ಬರದಿಂದಲೂ ಕೊಳೆಯುವ ರವದಿಯಿಂದಲೂ ಸ್ವಲ್ಪ ನೈಟ್ರಸ್ ಆಕ್ಸೈಡ್ ಏಳುತ್ತದೆ. ಲೆಕ್ಕ ಉದ್ದವಾಗಬಾರದೆಂದು ಅದನ್ನು ಇಲ್ಲಿ ಬಿಟ್ಟಿದ್ದೇವೆ. ನಿಜವಾದ ವಹಿಯಲ್ಲಿ ಬಿಡತಕ್ಕದ್ದಲ್ಲ.

ಇಬ್ಬರ ಕಬ್ಬೂ ಒಂದೇ ಕಾಟಾದ ಮೇಲೆ ತೂಗಿ ಒಂದೇ ಗಾಣಕ್ಕೆ ಬೀಳುತ್ತದೆ. ಕಾರ್ಖಾನೆಯ ಹತ್ತಿರ ಟನ್ನುಗಳ ಪಾವತಿ ಇದೆ, ತಾಸುಗಳದೂ ಚೀಲಗಳದೂ ಇಲ್ಲ. ಹೀಗಾಗಿ ಇಬ್ಬರಿಗೂ ಟನ್ನಿಗೆ 38.5 ಎಂಬ ಒಂದೇ ಅಂಕಿ ಬಿತ್ತೆನ್ನಿರಿ. ಕಲ್ಲಪ್ಪನಿಗೆ ಸುಮಾರು 10 ಕಿಲೋ ಮಾಫಿ, ಮಲ್ಲಪ್ಪನಿಗೆ ಸುಮಾರು 10 ಕಿಲೋ ದಂಡ. ನಾಳೆ ಕಡಿಮೆ ಹೊಗೆಯ ಕಬ್ಬಿಗೆ ಟನ್ನಿಗಿಷ್ಟು ಹೆಚ್ಚು ಕೊಡುತ್ತೇವೆಂದು ಯಾರಾದರೂ ಬಂದರೆ ಮಲ್ಲಪ್ಪ ತನ್ನದು ಕಡಿಮೆ ಎಂದು ಯಾವ ಆಧಾರದಿಂದ ಹೇಳಿಯಾನು? ಅವನ ಬೆವರು ಹೊಲದಲ್ಲಿದೆ, ಕಾಗದದಲ್ಲಿ ಇಲ್ಲ.

ರೂಪಾಯಿಯಿಂದ ಅಳೆದರೆ

ಸರಾಸರಿಗಿಂತಲೂ ಕೆಟ್ಟ ಪದ್ಧತಿ ಇನ್ನೊಂದುಂಟು. ಕೊಂಡ ಮಾಲಿಗೆ ಎಷ್ಟು ರೂಪಾಯಿ ಕೊಟ್ಟರು ಎಂಬದನ್ನು ನೋಡಿ, ರೂಪಾಯಿಗಿಷ್ಟು ಹೊಗೆ ಎಂದು ಗುಣಿಸಿಬಿಡುವದು. ದೊಡ್ಡ ಕಂಪನಿಗಳಿಗೆ ಸಾವಿರಾರು ಬಾಬುಗಳಿರುವದರಿಂದ ಮೊದಲ ಅಂದಾಜಿಗೆ ಇದನ್ನೇ ಬಳಸುತ್ತಾರೆ; ನಿಯಮಪುಸ್ತಕವೂ ಒಪ್ಪುತ್ತದೆ. ನಮ್ಮ ಒಕ್ಕಲುತನಕ್ಕೆ ಮಾತ್ರ ಇದು ಹೊಂದುವದೇ ಇಲ್ಲ. ಯೂರಿಯಾದ 45 ಕಿಲೋ ಚೀಲಕ್ಕೆ ಸರಕಾರ ಗೊತ್ತುಮಾಡಿದ ದರ, ಬೇವಿನ ಲೇಪ ಮತ್ತು ತೆರಿಗೆ ಬಿಟ್ಟು, 242 ರೂಪಾಯಿ. ಉಳಿದ ಖರ್ಚನ್ನು ಸರಕಾರ ಭರಿಸುತ್ತದೆ. ಚೀಲ ಅಗ್ಗವಾಯಿತೆಂದು ಅದರೊಳಗಿನ ಇಂಗಾಲ ಕಡಿಮೆಯಾಯಿತೇ? ಮಹಾರಾಷ್ಟ್ರ ಸರಕಾರ 2024ರಿಂದ ಏಳೂವರೆ ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಕರೆಂಟನ್ನು ಪುಕ್ಕಟೆ ಮಾಡಿದೆ. ಬಿಲ್ಲು ಸೊನ್ನೆ, ಆದ್ದರಿಂದ ಹೊಗೆಯೂ ಸೊನ್ನೆ ಎಂದು ರೂಪಾಯಿಯ ಲೆಕ್ಕ ಹೇಳೀತು! ಮೇಲಿನ ಜಮೆಯಲ್ಲಿ ಅರ್ಧಕ್ಕರ್ಧ ಮೋಟಾರಿನದೇ ಇದ್ದುದನ್ನು ವಾಚಕರು ನೋಡಿದ್ದಾರೆ. ಸಕ್ಕರೆಯ ಪೇಟೆ ಏರಿದ ವರುಷ ಹೊಲದಲ್ಲಿ ಏನೂ ಬದಲಾಗದಿದ್ದರೂ ಹೊಗೆ ಏರಿದಂತೆ ಇದೇ ಲೆಕ್ಕ ತೋರಿಸುತ್ತದೆ.

ಮಾಲನ್ನು ಸಾಗಿಸುವದರಲ್ಲಿಯೂ ಇಂಥ ಒಂದು ಮೋಸವಿದೆ. ಎತ್ತಿನ ಬಂಡಿಗೆ ಸೊನ್ನೆ ಎಂದು ಬರೆಯುತ್ತಾರೆ. ಎತ್ತು ಮೆಲುಕು ಹಾಕುವಾಗ ಮೀಥೇನ್ ಬಿಡುತ್ತದೆ; ಕೈಪಿಡಿಯ 2006ರ ಅಂಕಿಯಂತೆ ನಮ್ಮ ಭಾಗದ ಎತ್ತಿಗೆ ವರುಷಕ್ಕೆ ಸುಮಾರು 27 ಕಿಲೋ. ಎತ್ತನ್ನು ಸಾಕಿದ್ದು ಕಬ್ಬು ಹೇರಲಿಕ್ಕೆ ಮಾತ್ರವಲ್ಲವಾದ್ದರಿಂದ ಅದನ್ನು ವರುಷದ ಎಲ್ಲ ಕೆಲಸಕ್ಕೂ ಹಂಚಿ ಬಂಡಿಗೆ ಒಂದು ಪಾಲು ಹಾಕಬೇಕು. ಎತ್ತಿನ ಮೇಲಿನ ಪ್ರೀತಿಯಿಂದ ಸೊನ್ನೆ ಬರೆದರೆ ಲೆಕ್ಕ ಲೆಕ್ಕವಾಗುವದಿಲ್ಲ.

ಕಾರ್ಖಾನೆಯೊಳಗೆ

ಕಾರ್ಖಾನೆಯಲ್ಲಿ ಸುಮಾರು 10 ಟನ್ ಕಬ್ಬಿಗೆ 1 ಟನ್ ಸಕ್ಕರೆ ಬರುತ್ತದೆ. ಅದರೊಂದಿಗೆ 4 ಕ್ವಿಂಟಲಿಗೆ ತುಸು ಹೆಚ್ಚು ಕಾಕಂಬಿ, 3 ಟನ್ನಿನ ಆಚೀಚೆ ಸಿಪ್ಪೆ. ಬಾಯ್ಲರಿನಲ್ಲಿ ಉರಿಸುವದು ಸಿಪ್ಪೆಯನ್ನೇ ಆದ್ದರಿಂದ ಅದರ ಇಂಗಾಲಾಮ್ಲ ವಾಯುವನ್ನು ರವದಿಯದರಂತೆ ಬೇರೆ ಬರೆದಿಡುತ್ತಾರೆ, ಮೂರು ಅಂಕಣಗಳಲ್ಲಿ ಕೂಡಿಸುವದಿಲ್ಲ. ಹೀಗಾಗಿ ಸಿಪ್ಪೆಯಿಂದ ನಡೆಯುವ ಕಾರ್ಖಾನೆಯ ಸಕ್ಕರೆಯ ಲೆಕ್ಕದಲ್ಲಿ ದೊಡ್ಡ ಪಾಲು ಹೊಲದ್ದೇ ಆಗಿ ಉಳಿಯುತ್ತದೆ.

ಇಲ್ಲಿ ಹಂಚಿಕೆಯ ಪ್ರಶ್ನೆ ಏಳುತ್ತದೆ. ಒಂದು ಎಮ್ಮೆ ಹಾಲನ್ನೂ ಶೆಗಣಿಯನ್ನೂ ಕೊಡುತ್ತದೆ. ಮೇವಿನ ಖರ್ಚಿನಲ್ಲಿ ಹಾಲಿಗೆ ಎಷ್ಟು, ಶೆಗಣಿಗೆ ಎಷ್ಟು? ಹಾಗೆಯೇ ಕಬ್ಬಿನ ಹೊಗೆಯನ್ನು ಸಕ್ಕರೆಗೂ ಕಾಕಂಬಿಗೂ ಹೇಗೆ ಹಂಚಬೇಕು? ತೂಕದಿಂದ ಹಂಚಿದರೆ 10 ಕ್ವಿಂಟಲ್ ಸಕ್ಕರೆಗೂ 4.2 ಕ್ವಿಂಟಲ್ ಕಾಕಂಬಿಗೂ ಸೇರಿ ಸಕ್ಕರೆಯ ಪಾಲು ನೂರಕ್ಕೆ 70. ಬೆಲೆಯಿಂದ ಹಂಚಿದರೆ, ಸಕ್ಕರೆ ಕ್ವಿಂಟಲಿಗೆ 3800, ಕಾಕಂಬಿ 1000 ರೂಪಾಯಿ ಎಂದು ಉದಾಹರಣೆಗೆ ಹಿಡಿದರೆ, ಸಕ್ಕರೆಯ ಪಾಲು 90. ಅದೇ ಕಬ್ಬು, ಅದೇ ಗಾಣ. ಬಿಸ್ಕೀಟಿನವನ ಅಂಕಿ ಬೇರೆ, ಕಾಕಂಬಿಯಿಂದ ಮದ್ಯಸಾರ ಮಾಡುವವನ ಅಂಕಿ ಬೇರೆ. ಎರಡರಲ್ಲಿ ಒಂದು ಸುಳ್ಳೆಂದು ನಾವು ಹೇಳುವದಿಲ್ಲ. ಯಾವ ರೀತಿಯಿಂದ ಹಂಚಿದರೆಂಬದನ್ನು ಬರೆದಿರಬೇಕು, ವರುಷಕ್ಕೊಂದು ರೀತಿ ಹಿಡಿಯಬಾರದು, ಸಕ್ಕರೆಯವನಿಗೆ ತೂಕದ ಲೆಕ್ಕ ತೋರಿಸಿ ಕಾಕಂಬಿಯವನಿಗೆ ಬೆಲೆಯ ಲೆಕ್ಕ ತೋರಿಸಬಾರದು. ಹಾಗೆ ತೋರಿಸಿದರೆ ನೂರಕ್ಕೆ 70 ಒಬ್ಬನಿಗೆ, 10 ಇನ್ನೊಬ್ಬನಿಗೆ ಹೋಗಿ ಉಳಿದ 20 ಯಾರದೂ ಅಲ್ಲದಾಗುತ್ತದೆ.

ಒಂದೇ ಹೊಗೆಯನ್ನು ಕಲ್ಲಪ್ಪನೂ ಬರೆಯುತ್ತಾನೆ, ಕಾರ್ಖಾನೆಯೂ ಬರೆಯುತ್ತದೆ, ಬಿಸ್ಕೀಟಿನವನೂ ಬರೆಯುತ್ತಾನೆ; ಇದು ಮೂರು ಸಲ ಎಣಿಸಿದಂತಾಗಲಿಲ್ಲವೇ ಎಂದು ಕೇಳಬಹುದು. ಸಾತ್‌ಬಾರಾ ಉತಾರೆಯಲ್ಲಿ ಮಾಲಿಕನ ಹೆಸರು ಒಂದು ಕಡೆ, ಕುಳದ ಹೆಸರು ಇನ್ನೊಂದು ಕಡೆ ಇರುತ್ತದೆ. ಅದರಿಂದ ಹೊಲ ಎರಡಾಗುವದಿಲ್ಲ. ಒಂದೇ ಹೊಲಕ್ಕೆ ಇಬ್ಬರ ಸಂಬಂಧ ತೋರಿಸಿದಂತೆ. ಆದರೆ ಎಲ್ಲರ ಮೂರನೆಯ ಅಂಕಣಗಳನ್ನು ಕೂಡಿಸಿ ಇದೇ ದೇಶದ ಹೊಗೆ ಎನ್ನುವವನು ದಡ್ಡ. ದೇಶದ ಲೆಕ್ಕ ಬೇರೆ; ಅದರಲ್ಲಿ ಹೊಗೆ ಎದ್ದ ಸ್ಥಳದಲ್ಲಿ ಒಮ್ಮೆ ಮಾತ್ರ ಬರೆಯುವರು.

ಇದೆಲ್ಲ ಕಂಪನಿಗಳ ಹವ್ಯಾಸವೋ ಕಾಯದೆಯೋ? ಎರಡರ ನಡುವೆ ಇದೆ. ನಮ್ಮ ದೇಶದ ಸೆಬಿ ಮಂಡಳಿಯು 2021ರಲ್ಲಿ ಹೊರಡಿಸಿದ ನಿಯಮದಂತೆ, ಶೇರು ಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ತಮ್ಮ ಮೊದಲೆರಡು ಅಂಕಣಗಳನ್ನು ವರದಿ ಮಾಡಬೇಕಾಯಿತು; ಮೂರನೆಯದನ್ನು ಇಚ್ಛೆಗೆ ಬಿಟ್ಟಿತು. ಯುರೋಪಿನ ಒಕ್ಕೂಟವು ಹೊರಗಿನಿಂದ ಬರುವ ಉಕ್ಕು, ಅಲ್ಯುಮಿನಿಯಮ್, ಸಿಮೆಂಟು, ರಾಸಾಯನಿಕ ಗೊಬ್ಬರ ಮೊದಲಾದವುಗಳ ಇಂಗಾಲದ ಲೆಕ್ಕವನ್ನು 2023ರ ಅಕ್ಟೋಬರದಿಂದ ಕೇಳತೊಡಗಿತು. 2026ರ ಜನವರಿ 1ರಿಂದ ಬರುವ ಮಾಲಿಗೆ ಹಣದ ಹೊಣೆಯನ್ನೂ ಹೊರಿಸಿದೆ. ಸಕ್ಕರೆ ಆ ಪಟ್ಟಿಯಲ್ಲಿ ಇಲ್ಲ. ಆದರೂ ಅಲ್ಲಿಯ ಒಂದು ನಿಯಮವನ್ನು ನಾವು ಗಮನಿಸತಕ್ಕದ್ದು: ನಿಜವಾದ ಅಂಕಿ ಕೊಡದವನಿಗೆ ಗೊತ್ತುಮಾಡಿದ ಅಂಕಿಯನ್ನು, ಅದರ ಮೇಲೆ ಇಷ್ಟು ಹೆಚ್ಚಿಗೆ ಸೇರಿಸಿ, ಹಾಕುತ್ತಾರೆ. ಬರೆದಿಡದವನು ದುಬಾರಿಯ ಅಂಕಿ ಹೊರಬೇಕು.

ವಹಿಯಲ್ಲಿ ಏನು ಬರೆಯಬೇಕು

ದೊಡ್ಡ ವಿದ್ಯೆ ಬೇಕಿಲ್ಲ. ಕಿರ್ದಿ ಬರೆಯಬಲ್ಲವನಿಗೆ ಸಾಕು. ಪ್ರತಿ ತುಂಡು ಹೊಲಕ್ಕೆ ಒಂದು ಪುಟ; ಸರ್ವೆ ನಂಬರ, ಎಕರೆ-ಗುಂಟೆ, ನಾಟಿಯೋ ಕುಳೆಯೋ ಎಂಬದು ಮೇಲೆ. ಕೆಳಗೆ ತಾರೀಖು ಹಾಕಿ ಗೊಬ್ಬರದ ಹೆಸರು ಮತ್ತು ಚೀಲ. ಚೀಲ ಎಂದಷ್ಟೇ ಬರೆದರೆ ಸಾಲದು. ಯೂರಿಯಾ ಚೀಲ 45 ಕಿಲೋ, ಡಿಎಪಿ ಚೀಲ 50 ಕಿಲೋ. ಡೀಜೆಲ್ಲನ್ನು ಲೀಟರದಲ್ಲಿಯೇ ಬರೆಯಿರಿ. ಬಾಡಿಗೆ ಟ್ರ್ಯಾಕ್ಟರವಾದರೆ ಎಷ್ಟು ತಾಸು ಹರಗಿತು, ಎಷ್ಟು ಎಣ್ಣೆ ಹಾಕಿಸಿದ ಎಂದು ಚಾಲಕನನ್ನು ಅಂದೇ ಕೇಳಬೇಕು, ತಿಂಗಳಾದ ಮೇಲೆ ಅವನಿಗೂ ನೆನಪಿರುವದಿಲ್ಲ. ಮೋಟಾರಿಗೆ ಮೀಟರ ಇದ್ದರೆ ಅದರ ಅಂಕಿ, ಇಲ್ಲದಿದ್ದರೆ ಹಚ್ಚಿದ ಮತ್ತು ಆರಿಸಿದ ವೇಳೆ. ರಾತ್ರಿ ಕರೆಂಟು ಬಂದು ಹೋಗುವ ಊರುಗಳಲ್ಲಿ ಇದು ಕಷ್ಟವೇ; ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ತಾಸು ಎಣಿಸುವ ಚಿಕ್ಕ ಯಂತ್ರ ಕೂಡಿಸಿದರೆ ಯಾರೂ ಎದ್ದು ನೋಡಬೇಕಾಗಿಲ್ಲ. ಸೌರ ಪಂಪು ಇದ್ದವರು ಅದನ್ನು ಎದ್ದು ಕಾಣುವಂತೆ ಬರೆಯಲಿ. ರವದಿ ಸುಟ್ಟಿರಾ, ಹರವಿದಿರಾ, ದನಕ್ಕೆ ಹಾಕಿದಿರಾ ಎಂಬದಕ್ಕೆ ಒಂದು ಸಾಲು. ಕೊನೆಗೆ ಕಾಟಾ ಪಾವತಿಗಳನ್ನು ಅದೇ ಪುಟಕ್ಕೆ ಅಂಟಿಸಿರಿ.

ಗಡಿಯ ಈಚೆಯ ನಮಗೆ ಇನ್ನೊಂದು ತೊಡಕುಂಟು. ಇಂಗಾಲದ ಹೆಸರಿನಲ್ಲಿ ರೈತರ ಸಹಿ ಕೇಳುವ ಕಾಗದಗಳು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿರಿ. ಬರೆದ ಅಂಕಿ ನಿಮ್ಮ ಹೊಲದ್ದೋ ಸರಾಸರಿಯೋ, ನಿಮ್ಮ ವಹಿಯ ನಕಲನ್ನು ಯಾರು ಇಟ್ಟುಕೊಳ್ಳುವರು, ಹೊಗೆ ಕಡಿಮೆಯಾದದ್ದರ ಫಲವನ್ನು ಮಾರುವ ಹಕ್ಕನ್ನು ಅದೇ ಸಹಿಯಿಂದ ಬರೆಸಿಕೊಳ್ಳುತ್ತಾರೆಯೋ ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಲೆಕ್ಕಕ್ಕೆ ಅಂಕಿ ಕೊಡುವದು ಬೇರೆ, ಹಕ್ಕನ್ನು ಬರೆದುಕೊಡುವದು ಬೇರೆ. ಓದಲು ಬಾರದವರು ಊರ ಶಾಲೆಯ ಮಾಸ್ತರರ ಹತ್ತಿರ ಕಾಗದ ತರಲಿ. ಏಳನೆಯ ಇಯತ್ತೆಯ ಮಕ್ಕಳಿಗೆ ಗುಣಾಕಾರ ಮತ್ತು ಸರಾಸರಿ ಕಲಿಸಲಿಕ್ಕೆ ನಿಮ್ಮ ಹೊಲದ ಪುಟಕ್ಕಿಂತ ಒಳ್ಳೆಯ ಉದಾಹರಣೆ ನಮಗೂ ಸಿಕ್ಕಲಿಕ್ಕಿಲ್ಲ.